ಗಿಟಾರಿನ ನೆನಪು, ಸಭಾಂಗಣದ ಬೀಗ

ಸಂಗೀತದ ಇತಿಹಾಸವನ್ನು ಬರೆಯುವವರು ಹಾಡಿದವರ ಹೆಸರನ್ನು ಬರೆದಿಡುತ್ತಾರೆ. ಕೇಳಿದವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆದರೆ ಕೇಳುವ ಕಿವಿಯಿಲ್ಲದೆ ಹಾಡು ಬದುಕೀತೇ? ಒಂದು ಊರಿನಲ್ಲಿ ಒಂದು ಕಾಲಕ್ಕೆ ಒಂದು ಬಗೆಯ ಸಂಗೀತ ಅರಳಿತೆಂದರೆ ಅದರ ಹಿಂದೆ ವಾದ್ಯವನ್ನು ಎರವಲು ಕೊಟ್ಟವರು, ಕೋಣೆಯನ್ನು ಬಿಟ್ಟುಕೊಟ್ಟವರು, ರೈಲಿನಲ್ಲಿ ರಾತ್ರಿಯಿಡೀ ನಿಂತು ಬಂದು ಕೇಳಿದವರು ನೂರಾರು ಮಂದಿ ಇರುತ್ತಾರೆ. ಇಂಥವರ ಮಾತನ್ನು ಕೇಳುವ ಅವಕಾಶ ಇತ್ತೀಚೆಗೆ ನಮಗೆ ದೊರೆಯಿತು. ಅದರೊಡನೆ ನಮ್ಮದೇ ಒಂದು ಹಳೆಯ ತಪ್ಪೂ ಕಣ್ಣೆದುರು ಬಂದು ನಿಂತಿತು. ಎರಡನ್ನೂ ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಕಳೆದ ಮಳೆಗಾಲದ ಒಂದು ಸಂಜೆ ಬೆಳಗಾವಿಯ ಕ್ಯಾಂಪ್ ಪ್ರದೇಶದ ಮನೆಯೊಂದರಲ್ಲಿ ವರ್ಷದ ಸ್ಮರಣೆಯ ಪ್ರಾರ್ಥನೆ ಮುಗಿಸಿ ಚಹಾ ಕುಡಿಯುತ್ತ ಕುಳಿತಿದ್ದೆವು. ತೀರಿಕೊಂಡವರು ಮೂಲತಃ ಖಾನಾಪುರ ತಾಲ್ಲೂಕಿನವರು. ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದ ಗೃಹಸ್ಥರು. ಅವರ ಗೆಳೆಯರು ಐದಾರು ಮಂದಿ ಬಂದಿದ್ದರು. ಕೆಲವರು ಅವರ ಓರಗೆಯವರು, ಇಬ್ಬರು ನಮ್ಮ ವಯಸ್ಸಿನವರು. ಮೊದಮೊದಲು ಮೆಲುದನಿಯಲ್ಲಿ ಕುಟುಂಬದ ಕ್ಷೇಮಸಮಾಚಾರ ನಡೆಯಿತು. ಆ ಮೇಲೆ ಒಬ್ಬರು ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ನೋಡಿ, 'ಇದs ಅಲ್ಲೇನು ಆ ಗಿವ್‌ಸನ್ನು?' ಎಂದರು. ಅಲ್ಲಿಂದ ಮಾತಿನ ಕಟ್ಟೆ ಒಡೆಯಿತು. ಕಲ್ಕತ್ತೆಯಲ್ಲಿ ತಯಾರಾದ ಆ ಅಗ್ಗದ ಗಿಟಾರು, ಮಳೆಗಾಲದ ಥಂಡಿಗೆ ಬಾಗಿದ ಅದರ ಕತ್ತು, ಬೆಂಗಳೂರಿನ ಅರಮನೆ ಮೈದಾನ, ಸ್ವಾತಂತ್ರ್ಯ ದಿನದ ಪುಕ್ಕಟೆ ಸಂಗೀತ ಜಾತ್ರೆ, ಟೇಪಿನಿಂದ ಟೇಪಿಗೆ ಇಳಿಸಿಕೊಂಡ ಕ್ಯಾಸೆಟ್ಟುಗಳು ಒಂದರ ಹಿಂದೆ ಒಂದಾಗಿ ಬಂದವು. ಎರಡು ಗಂಟೆ ಕಳೆದದ್ದು ಯಾರಿಗೂ ತಿಳಿಯಲಿಲ್ಲ.

ಮೂರು ಸ್ವರಮೇಳಗಳ ಸಂಗೀತ

ನಮ್ಮ ಓದುಗರಲ್ಲಿ ಹಲವು ಹಿರಿಯರಿಗೆ ರಾಕ್ ಎಂದರೆ ಗದ್ದಲ, ಪಂಕ್ ಎಂದರೆ ಇನ್ನಷ್ಟು ಗದ್ದಲ. ಆದುದರಿಂದ ಎರಡು ಮಾತು ವಿವರಿಸುವುದು ಅವಶ್ಯ. 1970ರ ದಶಕದ ನಡುವೆ ಪಾಶ್ಚಾತ್ಯ ರಾಕ್ ಸಂಗೀತ ದೊಡ್ಡ ಉದ್ಯಮವಾಗಿ ಬೆಳೆದಿತ್ತು. ಲಕ್ಷಾಂತರ ಹಣದ ವಾದ್ಯಗಳು, ಬೃಹತ್ ಕ್ರೀಡಾಂಗಣಗಳು, ವರ್ಷಗಟ್ಟಲೆ ಸಾಧನೆ ಬೇಡುವ ವಾದನ ಇವೆಲ್ಲ ಇದ್ದವರಿಗೆ ಮಾತ್ರ ವೇದಿಕೆ ಎಂಬಂತಾಗಿತ್ತು. ಅದಕ್ಕೆ ಎದುರಾಗಿ ನ್ಯೂಯಾರ್ಕಿನಲ್ಲಿ 1973ರ ಕೊನೆಗೆ ತೆರೆದ ಸಿಬಿಜಿಬಿ ಎಂಬ ಇಕ್ಕಟ್ಟಾದ ಮದ್ಯದಂಗಡಿಯಲ್ಲಿ ರಾಮೋನ್ಸ್ ಮೊದಲಾದ ತಂಡಗಳು ಎರಡೆರಡು ನಿಮಿಷದ ಹಾಡುಗಳನ್ನು ಹಾಡತೊಡಗಿದವು. 1976ರ ಹೊತ್ತಿಗೆ ಆ ಅಲೆ ಲಂಡನ್ನಿನಲ್ಲಿಯೂ ಎದ್ದಿತು. ಮೂರು ಸ್ವರಮೇಳಗಳನ್ನು ಬೆರಳಿಗೆ ಹಿಡಿಸಿಕೊಂಡವನು ನಾಳೆಯೇ ತಂಡ ಕಟ್ಟಬಹುದು, ಯಾರ ಅಪ್ಪಣೆಯೂ ಬೇಡ, ಎಂಬುದೇ ಪಂಕ್ ಸಂಗೀತದ ಸಾರ. ಅದರ ಉಡುಗೆ ತೊಡುಗೆ, ಕೆಲವೊಮ್ಮೆ ಅಸಭ್ಯವಾದ ನಡೆನುಡಿ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಕೈಯಲ್ಲಿ ಏನೂ ಇಲ್ಲದವನಿಗೂ ಹಾಡುವ ಹಕ್ಕಿದೆ ಎಂಬ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಈ ಮನೋಭಾವದಿಂದಲೇ ಮುಂದೆ ಪರ್ಯಾಯ ರಾಕ್ ಎಂಬ ಪ್ರಕಾರ ಬೆಳೆಯಿತು. 1991ರಲ್ಲಿ ನಿರ್ವಾಣ ಎಂಬ ಅಮೆರಿಕದ ತಂಡದ 'ನೆವರ್‌ಮೈಂಡ್' ಧ್ವನಿಸುರುಳಿಯ ಮೂಲಕ ಅದು ಜಗತ್ತಿನ ಮನೆಮನೆಗೆ ತಲುಪಿತು. ಅದೇ ವರ್ಷ ನಮ್ಮ ದೇಶಕ್ಕೆ ಸ್ಟಾರ್ ಟಿವಿಯ ಉಪಗ್ರಹ ವಾಹಿನಿಗಳು ಬಂದದ್ದರಿಂದ ಬೆಳಗಾವಿಯ ಹುಡುಗರೂ ಅದನ್ನು ಕಂಡರು, ಕೇಳಿದರು.

ಬೆಂಗಳೂರಿನ ದಿನಗಳು

ನಮ್ಮ ನಾಡಿನಲ್ಲಿ ಈ ಸಂಗೀತದ ತವರು ಬೆಂಗಳೂರು. ಅಲ್ಲಿಯ ರಾಕ್ ಪರಂಪರೆ 1990ರ ದಶಕದಲ್ಲಿ ಹುಟ್ಟಿದ್ದಲ್ಲ. 1970ರ ದಶಕದ ಆರಂಭದಲ್ಲಿಯೇ 'ಹ್ಯೂಮನ್ ಬಾಂಡೇಜ್' ಎಂಬ ತಂಡ ಅಲ್ಲಿತ್ತು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದ ರಮೇಶ್ ಶೋಥಮ್ ಮುಂದೆ ಕರ್ನಾಟಕ ಸಂಗೀತದ ತಾಳವಾದ್ಯಗಳನ್ನು ಕಲಿತು ಯುರೋಪಿನಲ್ಲಿ ಹೆಸರಾದರು. ಗಾಯಕಿ ರಾಧಾ ಥಾಮಸ್ ಜ್ಯಾಜ್ ಸಂಗೀತದಲ್ಲಿ ಹೆಸರು ಮಾಡಿದರು. ಮುಂಬಯಿಯಲ್ಲಿ 1986ರಿಂದ 'ಇಂಡಿಪೆಂಡೆನ್ಸ್ ರಾಕ್' ಎಂಬ ವಾರ್ಷಿಕ ಮೇಳ ನಡೆಯತೊಡಗಿತು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಮತ್ತು ಶೇನಾ ಸೈಗಲ್ ದಂಪತಿ 'ರಾಕ್ ಸ್ಟ್ರೀಟ್ ಜರ್ನಲ್' ಎಂಬ ಪತ್ರಿಕೆಯನ್ನು ಹೊರತಂದರು. ದೂರದೂರದ ಊರುಗಳಲ್ಲಿ ಒಂಟಿಯಾಗಿ ಗಿಟಾರು ಮೀಟುತ್ತಿದ್ದ ಹುಡುಗರಿಗೆ ತಮ್ಮಂಥವರು ಬೇರೆಡೆಯೂ ಇದ್ದಾರೆಂದು ತಿಳಿದದ್ದು ಇಂಥ ಪತ್ರಿಕೆಯಿಂದಲೇ.

1996 ಬೆಂಗಳೂರಿನ ಪಾಲಿಗೆ ನೆನಪಿಡಬೇಕಾದ ವರ್ಷ. ಆ ವರ್ಷ ಗೋಪಾಲ ನವಲೆಯವರು 'ಫ್ರೀಡಂ ಜ್ಯಾಮ್' ಎಂಬ ಸಂಗೀತೋತ್ಸವವನ್ನು ಆರಂಭಿಸಿದರು. ಆಗಸ್ಟ್ 15ರ ಸ್ವಾತಂತ್ರ್ಯ ದಿನದ ಹೆಸರಿನಲ್ಲಿ ನಡೆಯುತ್ತಿದ್ದ ಅದಕ್ಕೆ ಟಿಕೆಟ್ ಇಲ್ಲ. ಹೆಸರಾದ ತಂಡ, ಹೆಸರಿಲ್ಲದ ತಂಡ ಎಂಬ ಭೇದವೂ ಇಲ್ಲ. ಅದೇ ವರ್ಷ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಎಂಬ ತಂಡ ಹುಟ್ಟಿತು. ಆ ಕಾಲದಲ್ಲಿ ವಿದೇಶೀ ತಂಡಗಳ ಹಾಡನ್ನು ಯಥಾವತ್ತಾಗಿ ಹಾಡಿದರೆ ಮಾತ್ರ ಚಪ್ಪಾಳೆ. ಸ್ವಂತ ಹಾಡೆಂದರೆ ಸಭಿಕರು ಎದ್ದು ಚಹಾಕ್ಕೆ ಹೋಗುವ ಪರಿಸ್ಥಿತಿ. ಗಾಯಕ, ಗಿಟಾರ್ ವಾದಕ ಬ್ರೂಸ್ ಲೀ ಮಣಿ ಮತ್ತು ಸಂಗಡಿಗರು ಸ್ವಂತ ಹಾಡುಗಳನ್ನೇ ಕಟ್ಟಿದರು. 2000ದಲ್ಲಿ ಮೊದಲ ಧ್ವನಿಮುದ್ರಿಕೆಯನ್ನೂ 2002ರಲ್ಲಿ 'ಜುಪಿಟರ್ ಕೆಫೆ'ಯನ್ನೂ ಹೊರತಂದರು. 1998ರಲ್ಲಿ ಆರಂಭವಾದ 'ಕ್ರಿಪ್ಟೋಸ್' ಎಂಬ ಹೆವಿ ಮೆಟಲ್ ತಂಡ ಮುಂದೆ ಜರ್ಮನಿಯ ವಾಕೆನ್ ಮೇಳದವರೆಗೂ ಹೋಗಿ ಬಂದಿತು.

ದೊಡ್ಡ ತಂಡಗಳು ಬೆಂಗಳೂರಿಗೆ ಬಂದದ್ದು ಈ ನೆಲ ಹದಗೊಂಡ ಮೇಲೆ. 2001ರಲ್ಲಿ ಡೀಪ್ ಪರ್ಪಲ್, 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದು ಹಾಡಿದವು. ಆ ದಿನಾಂಕಗಳನ್ನು ನಮ್ಮ ಗೆಳೆಯರು ಸ್ವಂತ ಮಕ್ಕಳ ಜನ್ಮದಿನದಂತೆ ಒಪ್ಪಿಸುತ್ತಿದ್ದರು.

ಆದರೆ ಒಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ವೇದಿಕೆಯ ಮೇಲೆ ಯಾವ ಹಾಡು ಹಾಡಿದರೆಂದು ಕೇಳಿದರೆ ಅವರಲ್ಲಿ ಒಮ್ಮತವಿರಲಿಲ್ಲ. ಯಾರ ಕೋಣೆಯಲ್ಲಿ ಮಲಗಿದೆವು, ಯಾರು ಚಪಾತಿ ಕಟ್ಟಿಕೊಂಡು ಬಂದಿದ್ದರು, ಮರಳುವಾಗ ರೈಲಿನ ಟಿಕೆಟ್ಟಿಗೆ ಹಣ ಸಾಲದೆ ಯಾರು ಕೈಗಡಿಯಾರ ಒತ್ತೆಯಿಟ್ಟರು ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿರಲಿಲ್ಲ. ಅವರು ನೆನೆಯುತ್ತಿದ್ದುದು ಸಂಗೀತವನ್ನಷ್ಟೇ ಅಲ್ಲ, ಸಂಗೀತದ ನೆಪದಲ್ಲಿ ದೊರೆತ ಒಡನಾಟವನ್ನು. ಮತ್ತೊಬ್ಬರು ಹೇಳಿದ ಮಾತು ಇನ್ನೂ ಆಳವಾದದ್ದು: 'ಫಾದರ್, ನಮ್ಮ ಬ್ಯಾಂಡಿನ್ಯಾಗ ಒಬ್ಬಾಂವ ಕನ್ನಡದಾಂವ, ಒಬ್ಬಾಂವ ಮರಾಠಿ, ಇಬ್ಬರು ಕೊಂಕಣಿ, ಒಬ್ಬಾಂವ ಉರ್ದು. ನಿನ್ನ ಮನೀ ಮಾತು ಯಾವುದಂತ ಅಲ್ಲಿ ಯಾರೂ ಕೇಳ್ತಿರಲಿಲ್ರೀ.' ಭಾಷೆಯ ಹೆಸರಿನಲ್ಲಿ ಎಷ್ಟೋ ಸಲ ಮನಸ್ಸುಗಳು ಮುರಿದ ನಮ್ಮ ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಲೋಂಡಾ ದಾರಿಯಲ್ಲಿ ಬಂದ ಕ್ಯಾಸೆಟ್

ಖಾನಾಪುರದ ಮಂದಿಗೆ ಬೆಂಗಳೂರಿಗಿಂತ ಗೋವೆ ಹತ್ತಿರ. ಲೋಂಡಾ ಜಂಕ್ಷನ್ನಿನಿಂದ ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಗೋವೆಯೇ. ಆ ಹಾದಿಯಲ್ಲಿ ಮೀನು, ಗೋಡಂಬಿಗಳೊಡನೆ ಕ್ಯಾಸೆಟ್ಟುಗಳೂ ಬರುತ್ತಿದ್ದವು. ಅವುಗಳಲ್ಲಿ ಒಂದು ರೆಮೊ ಫರ್ನಾಂಡಿಸ್ ಅವರ 'ಗೋವನ್ ಕ್ರೇಜಿ'. 1984ರಲ್ಲಿ ಹೊರಬಂದ ಆ ಧ್ವನಿಸುರುಳಿಯನ್ನು ಅವರು ಸಿಯೋಲಿಂ ಗ್ರಾಮದ ತಮ್ಮ ಮನೆಯಲ್ಲಿಯೇ ಮುದ್ರಿಸಿದರು. ವಾದ್ಯಗಳನ್ನು ನುಡಿಸಿದವರೂ ಅವರೇ, ಹಾಡಿದವರೂ ಅವರೇ. ಸಿದ್ಧವಾದ ಕ್ಯಾಸೆಟ್ಟುಗಳನ್ನು ಹಳದಿ ಸ್ಕೂಟರಿನ ಮೇಲೆ ಹೇರಿಕೊಂಡು ಅಂಗಡಿ ಅಂಗಡಿಗೆ ಹಂಚಿದವರೂ ಅವರೇ. ಯಾವ ಕಂಪನಿಯ ಬಾಗಿಲನ್ನೂ ಕಾಯದೆ ತನ್ನ ಹಾಡನ್ನು ತಾನೇ ಜನರಿಗೆ ಮುಟ್ಟಿಸುವ ಈ ಕ್ರಮವನ್ನೇ ನ್ಯೂಯಾರ್ಕಿನವರೂ ಲಂಡನ್ನಿನವರೂ ಪಂಕ್ ಎಂದು ಕರೆದದ್ದು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಆ ಸ್ಕೂಟರಿನ ಕಾಲ ಹಲವರಿಗೆ ಮರೆತೇ ಹೋಗಿತ್ತು.

ಗೋವೆಗೆ ಈ ಕಸುವು ಎಲ್ಲಿಂದ ಬಂತು? ಪೋರ್ಚುಗೀಸರ ಕಾಲದಿಂದಲೂ ಅಲ್ಲಿಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರುಗಳು ಬಡವರ ಮಕ್ಕಳಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಕಲಿಸಿದ್ದು ಪೂಜೆಯ ಗಾನವೃಂದಕ್ಕಾಗಿ. ಕಲಿತವರು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಮುಂಬಯಿಗೆ ಹೋಗಿ ಹಿಂದೀ ಚಿತ್ರಸಂಗೀತದ ವಾದ್ಯಮೇಳಗಳನ್ನು ಕಟ್ಟಿದರು. ಶಂಕರ್ ಜೈಕಿಷನ್ ಜೋಡಿಯ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿ'ಸೋಜ ಗೋವೆಯವರು. ಮಜೋರ್ಡಾ ಗ್ರಾಮದ ಆ್ಯಂಟನಿ ಗೊನ್ಸಾಲ್ವಿಸ್ ಅವರಲ್ಲಿ ಪಿಟೀಲು ಕಲಿತ ಪ್ಯಾರೇಲಾಲರು 1977ರ 'ಅಮರ್ ಅಕ್ಬರ್ ಆ್ಯಂಥನಿ' ಚಿತ್ರದ ಒಂದು ಹಾಡಿನಲ್ಲಿ ಗುರುವಿನ ಹೆಸರನ್ನು ಅಜರಾಮರಗೊಳಿಸಿದರು. ಹಳ್ಳಿಯ ಚರ್ಚಿನ ಪಕ್ಕದ ಒಂದು ಕೋಣೆ ತೆರೆದಿದ್ದುದರ ಫಲವನ್ನು ಇಡೀ ದೇಶವೇ ಉಂಡಿತು.

ನಾವು ಹಾಕಿದ ಬೀಗ

ಈಗ ನಮ್ಮ ತಪ್ಪಿನ ವಿಷಯ. 1999ರಲ್ಲಿ ನಾವು ಖಾನಾಪುರ ತಾಲ್ಲೂಕಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ಗುರುಪಟ್ಟ ದೊರೆತು ಹೆಚ್ಚು ಕಾಲವಾಗಿರಲಿಲ್ಲ. ಹಿರಿಯ ಗುರುಗಳು ಅಸ್ವಸ್ಥರಾಗಿದ್ದುದರಿಂದ ಸಭಾಂಗಣದ ಕೀಲಿಕೈ ನಮ್ಮ ಬಳಿಯಿತ್ತು. ಒಂದು ಶನಿವಾರ ಐವರು ಹುಡುಗರು ಬಂದು, ವಾರಕ್ಕೊಮ್ಮೆ ಸಂಜೆ ಎರಡು ಗಂಟೆ ಸಭಾಂಗಣದಲ್ಲಿ ಗಿಟಾರು, ಡ್ರಮ್ ಅಭ್ಯಾಸ ಮಾಡಲು ಅನುಮತಿ ಕೇಳಿದರು. ಕಾಲೇಜಿನ ಗ್ಯಾದರಿಂಗಿನಲ್ಲಿ ಹಾಡಬೇಕೆಂಬುದು ಅವರ ಆಸೆ. ನಾವು ತತ್ತ್ವಶಾಸ್ತ್ರ ಓದಿದ ಹೊಸ ಹುರುಪಿನಲ್ಲಿದ್ದೆವು. ಸಂಗೀತದ ರೀತಿ ಬದಲಾದರೆ ನಗರದ ಕಟ್ಟಳೆಗಳೇ ಅಲುಗಾಡುತ್ತವೆಂದು ಪ್ಲೇಟೊ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಎಚ್ಚರಿಸಿದ್ದು ನೆನಪಿತ್ತು. ಆ ಹುಡುಗರಿಗೆ ಪ್ಲೇಟೊನ ಮೇಲೆ ಕಾಲು ಗಂಟೆ ಉಪನ್ಯಾಸ ಕೊಟ್ಟು, ಸಭಾಂಗಣಕ್ಕೆ ಬೀಗ ಹಾಕಿ ಕಳುಹಿಸಿದೆವು.

ಅವರು ಊರಾಚೆ ಪಾಳುಬಿದ್ದಿದ್ದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಅಭ್ಯಾಸ ಮಾಡಿದರು. ಖಾನಾಪುರದ ಮಳೆ ಎಂಥದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವಾದ್ಯಗಳು ಹಾಳಾದವು, ತಂಡವೂ ಚದುರಿತು. ಒಬ್ಬೊಬ್ಬರಾಗಿ ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದರು. ಇತರರ ಸಂಗೀತವನ್ನು ಕೇಳುವ ಅಭಿಮಾನಿಗಳಾಗಿ ಉಳಿದರೇ ಹೊರತು ತಾವು ಮತ್ತೆ ನುಡಿಸಲಿಲ್ಲ. ಆ ಐವರಲ್ಲಿ ಒಬ್ಬರ ಸ್ಮರಣೆಗಾಗಿಯೇ ನಾವು ಆ ಸಂಜೆ ಕ್ಯಾಂಪಿನ ಮನೆಯಲ್ಲಿ ಸೇರಿದ್ದು. ಗೋಡೆಯ ಮೇಲಿನ ಗಿಟಾರು ಅವರದೇ.

ನಾವು ಆ ಸಂಗತಿಯನ್ನು ಎತ್ತಿ ಕ್ಷಮೆ ಕೇಳಿದಾಗ ಗೆಳೆಯರು ನಕ್ಕುಬಿಟ್ಟರು. 'ಬಿಡ್ರೀ ಫಾದರ್, ಆ ಶೆಡ್ಡಿನ್ಯಾಗೂ ಮಜಾ ಇತ್ತು' ಎಂದರು. ಅವರ ದೊಡ್ಡ ಮನಸ್ಸು ಅದು. ನಮ್ಮ ಮನಸ್ಸು ಮಾತ್ರ ಹಗುರಾಗಲಿಲ್ಲ.

ಪ್ಲೇಟೊ ಹೇಳಿದ್ದೇನು?

ಆಮೇಲೆ ಪ್ಲೇಟೊನನ್ನು ಮತ್ತೆ ತೆರೆದು ಓದಿದೆವು. ಆತ ಕೆಲವು ರಾಗರೀತಿಗಳನ್ನು ನಗರದಿಂದ ಹೊರಗಿಟ್ಟದ್ದು ನಿಜ. ಆದರೆ ಸಂಗೀತ ಆತ್ಮದ ಒಳಗಿನವರೆಗೆ ಇಳಿಯುತ್ತದೆ, ಆದುದರಿಂದಲೇ ಎಳೆಯರ ಶಿಕ್ಷಣ ಸಂಗೀತದಿಂದ ಆರಂಭವಾಗಬೇಕು ಎಂದವನೂ ಆತನೇ. ಎಚ್ಚರಿಕೆಯ ಮಾತನ್ನು ಹಿಡಿದುಕೊಂಡು ಕಲಿಸುವ ಹೊಣೆಯನ್ನು ನಾವು ಕೈಬಿಟ್ಟಿದ್ದೆವು. ಸಂತ ಅಗಸ್ಟೀನರೂ ತಮ್ಮ 'ಆತ್ಮನಿವೇದನೆ'ಯ ಹತ್ತನೆಯ ಭಾಗದಲ್ಲಿ ಹಾಡಿನ ಇಂಪು ತಮ್ಮನ್ನು ಅರ್ಥದಿಂದ ದೂರ ಸೆಳೆಯಿತೇ ಎಂದು ತೊಳಲಾಡುತ್ತಾರೆ. ಕೊನೆಗೆ ಹಾಡು ಬೇಡವೆನ್ನುವುದಿಲ್ಲ, ಇರಲಿ ಎನ್ನುತ್ತಾರೆ.

ಇತ್ತೀಚಿನ ಉದಾಹರಣೆಯೂ ಉಂಟು. 1997ರ ಸೆಪ್ಟೆಂಬರ್ 27ರಂದು ಇಟಲಿಯ ಬೊಲೋನ್ಯಾದಲ್ಲಿ ನಡೆದ ಪರಮಪ್ರಸಾದ ಸಮ್ಮೇಳನದಲ್ಲಿ ಬಾಬ್ ಡಿಲನ್ ಅವರು ಜಗದ್ಗುರು ಎರಡನೆಯ ಜಾನ್ ಪೌಲರ ಎದುರು ಹಾಡಿದರು. ಪೋಪರು ಡಿಲನ್ನರದೇ ಒಂದು ಹಾಡನ್ನು ಎತ್ತಿಕೊಂಡು ಯುವಜನರಿಗೆ ಉಪದೇಶ ಮಾಡಿದರು. ಆಗ ಕಾರ್ಡಿನಲರಾಗಿದ್ದ ರಾಟ್ಸಿಂಗರ್ ಅವರಿಗೆ ಈ ಏರ್ಪಾಡು ಹಿಡಿಸಿರಲಿಲ್ಲ. ತಾವೇ ಪೋಪರಾದ ಮೇಲೆ 2007ರಲ್ಲಿ ಅದನ್ನು ಬರೆದೂ ಇದ್ದಾರೆ. ಇಬ್ಬರೂ ವಿದ್ವಾಂಸರು, ಇಬ್ಬರೂ ಪೂಜ್ಯರು. ಪ್ರಾಮಾಣಿಕರಾದ ಹಿರಿಯರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯ ಸಹಜವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಭಿನ್ನಾಭಿಪ್ರಾಯ ಬೇರೆ, ಕೇಳದೆಯೇ ಬಾಗಿಲು ಮುಚ್ಚುವುದು ಬೇರೆ. ನಾವು ಮಾಡಿದ್ದು ಎರಡನೆಯದನ್ನು.

ಬಾಗಿಲು ಮುಚ್ಚುವುದು ನಮ್ಮಂಥ ಗುರುಗಳು ಮಾತ್ರ ಮಾಡುವ ಕೆಲಸವಲ್ಲ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗಾಗಿ 2005ರಲ್ಲಿ ಹೊರಡಿಸಿದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ನೆರೆಹೊರೆಯವರ ನಿದ್ದೆ, ಬೆಂಕಿಯ ಭಯ, ಮಹಿಳೆಯರ ಸುರಕ್ಷತೆ ಇವೆಲ್ಲ ನಿಜವಾದ ಕಾಳಜಿಗಳೇ. ನಿಯಮ ಬೇಡವೆಂದು ನಾವು ಹೇಳಲಾರೆವು. ಆದರೆ ಹೋಟೆಲು, ಪಬ್ಬುಗಳನ್ನು ಬಿಟ್ಟರೆ ಎಳೆಯರಿಗೆ ಹಾಡಲು ಬೇರೆ ಜಾಗವೇ ಇಲ್ಲವೆಂದಾದರೆ ಅದಕ್ಕೆ ಹೊಣೆ ಯಾರು? ಮದ್ಯದ ವಾಸನೆಯಿಲ್ಲದ ಕೋಣೆ ನಮ್ಮ ಬಳಿ ಇದ್ದೂ ನಾವು ಬೀಗ ಹಾಕಿಕೊಂಡು ಕುಳಿತರೆ, ಮಕ್ಕಳು ಪಬ್ಬಿಗೆ ಹೋದರೆಂದು ಪ್ರವಚನ ಮಾಡುವ ಅಧಿಕಾರ ನಮಗೆಲ್ಲಿಯದು?

ಗಿಟಾರಿನೊಡನೆ ಬಂದ ಶರೀಫರು

'ಇಂಗ್ಲಿಷ್ ಹಾಡಿನ ಹುಚ್ಚು ಹಿಡಿದರೆ ಮಕ್ಕಳು ನಮ್ಮ ಮಣ್ಣನ್ನು ಮರೆಯುತ್ತಾರೆ' ಎಂಬುದು ಹಿರಿಯರ ಇನ್ನೊಂದು ಅಂಜಿಕೆ. ಇದಕ್ಕೆ ಉತ್ತರವನ್ನು ಆ ಸಂಗೀತವೇ ಕೊಟ್ಟಿದೆ. ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರಿನೊಡನೆ ಹಾಡಿದರು. 2010ರಲ್ಲಿ ಬಿಬಿಸಿಯ ಕಾರ್ಯಕ್ರಮದಲ್ಲಿಯೂ ಅವರ ತಂಡ ಕಾಣಿಸಿಕೊಂಡಿತು. ಬೆಂಗಳೂರಿನ 'ಸ್ವರಾತ್ಮ' ತಂಡದವರೂ ಜಾನಪದವನ್ನೂ ರಾಕ್ ಸಂಗೀತವನ್ನೂ ಬೆಸೆದರು. ಶರೀಫರು (1819-1889) ನಮ್ಮ ಉತ್ತರ ಕರ್ನಾಟಕದವರೇ. ಅವರ ಪದಗಳನ್ನು ಸಿ. ಅಶ್ವತ್ಥರು ಮನೆಮಾತಾಗಿಸಿದ್ದರು. ಆದರೂ ಬೆಂಗಳೂರಿನಲ್ಲಿದ್ದ ನಮ್ಮ ಖಾನಾಪುರದ ಹುಡುಗರು ಅವುಗಳತ್ತ ಕಿವಿಗೊಟ್ಟದ್ದು ಗಿಟಾರಿನ ಧ್ವನಿಯ ಹಿಂದೆ ಹೋದಾಗ. ಮಣ್ಣಿಗೆ ಮರಳಲು ಕೆಲವರಿಗೆ ಸುತ್ತಿನ ದಾರಿಯೇ ಬೇಕಾಗುತ್ತದೆ.

ಬೆಳಗಾವಿಯವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. 1924ರಲ್ಲಿ ಇಲ್ಲಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರೇ ಕುಮಾರ ಗಂಧರ್ವರು. ಕ್ಷಯರೋಗದಿಂದ ಒಂದು ಶ್ವಾಸಕೋಶ ನಿಷ್ಪ್ರಯೋಜಕವಾದರೂ ದೇವಾಸದಲ್ಲಿ ನೆಲೆನಿಂತು, ಮಾಳವದ ಹಳ್ಳಿಗರ ಹಾಡನ್ನು ಆಲಿಸಿ, ಘರಾಣೆಯ ಕಟ್ಟುಪಾಡುಗಳನ್ನು ಮೀರಿ ಹಾಡಿದರು. ಸಂಪ್ರದಾಯಸ್ಥರ ಟೀಕೆಯನ್ನೂ ಉಂಡರು. ಇಂದು ನಮ್ಮ ನಗರದ ರಂಗಮಂದಿರ ಅವರ ಹೆಸರನ್ನೇ ಹೊತ್ತು ನಿಂತಿದೆ. ರಾಕ್ ಸಂಗೀತವೂ ಅವರ ಸಾಧನೆಯೂ ಒಂದೇ ತೂಕದವೆಂದು ನಾವು ಹೇಳುತ್ತಿಲ್ಲ. ಇಂದು ಅಪಸ್ವರವೆಂದು ತೋರಿದ್ದು ನಾಳೆ ಆಸ್ತಿಯಾಗಬಹುದು, ತೀರ್ಪು ಕೊಡುವ ಮುನ್ನ ತುಸು ಕೇಳಬೇಕು ಎಂದಷ್ಟೇ ನಮ್ಮ ಮಾತು.

ಕೀಲಿಕೈ

ಅಂದು ಹೊರಡುವ ಹೊತ್ತಿಗೆ ತೀರಿಕೊಂಡವರ ಪತ್ನಿ ಬಾಗಿಲವರೆಗೆ ಬಂದರು. 'ಮಗಳು ಅವರ ಗಿಟಾರು ಕಲೀತೀನಿ ಅಂತಾಳ್ರೀ ಫಾದರ್. ಗೆಳತ್ಯಾರು ಮೂವರದಾರ. ಮನ್ಯಾಗ ಬಾರಿಸಿದ್ರ ಮಗ್ಗಲ ಮನಿಯವರಿಗೆ ತ್ರಾಸ. ಎಲ್ಲಿ ಕಳಸೂದ್ರೀ?' ಎಂದು ಕೇಳಿದರು. ಇಪ್ಪತ್ತೈದು ವರ್ಷಗಳ ಹಿಂದೆ ತಂದೆ ಕೇಳಿದ ಪ್ರಶ್ನೆಯನ್ನೇ ಈಗ ಮಗಳ ಪರವಾಗಿ ತಾಯಿ ಕೇಳುತ್ತಿದ್ದರು. ಆಕೆಗೆ ಹಳೆಯ ಕತೆ ತಿಳಿದಿತ್ತೋ ಇಲ್ಲವೋ ನಾವು ಕೇಳಲಿಲ್ಲ.

ಆ ವಿಷಯವನ್ನು ಈಗಿನ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಇಟ್ಟೆವು. ಚರ್ಚೆ ಬಿಸಿಯಾಗಿಯೇ ನಡೆಯಿತು. ಒಬ್ಬ ಹಿರಿಯರು ಗದ್ದಲದ ಬಗ್ಗೆ ಆಕ್ಷೇಪವೆತ್ತಿದರು. ಇನ್ನೊಬ್ಬರು ಪರೀಕ್ಷೆಯ ಮಾತು ತೆಗೆದರು. ಕೊನೆಗೆ ಶನಿವಾರ ಸಂಜೆ ಐದರಿಂದ ಏಳರವರೆಗೆ ಸಭಾಂಗಣವನ್ನು ತೆರೆಯಲು ತೀರ್ಮಾನವಾಯಿತು. ಕಿಟಕಿಗಳನ್ನು ಮುಚ್ಚಿರಬೇಕು, ಪರೀಕ್ಷೆಯ ತಿಂಗಳಲ್ಲಿ ಬಿಡುವು, ಒಬ್ಬ ಹಿರಿಯರು ಕೂಡ ಇರಬೇಕು ಎಂಬ ಷರತ್ತುಗಳಿವೆ. ಯಾವ ಧರ್ಮದ, ಯಾವ ಭಾಷೆಯ ಮಕ್ಕಳಾದರೂ ಬರಬಹುದು. ಕೂಡ ಇರಬೇಕಾದ ಹಿರಿಯರ ಕೆಲಸವನ್ನು ಸದ್ಯಕ್ಕೆ ನಾವೇ ಹೊತ್ತಿದ್ದೇವೆ. ಈವರೆಗೆ ಕೇಳಿದ್ದರಲ್ಲಿ ಇಂಪಾದುದು ಹೆಚ್ಚೇನಿಲ್ಲ. ಬಾಗಿದ ಕತ್ತಿನ ಆ ಹಳೆಯ ಗಿಟಾರು ಶ್ರುತಿಯಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಇನ್ನೂ ಎರಡೇ ಸ್ವರಮೇಳ ಬರುತ್ತವೆ, ಮೂರನೆಯದಕ್ಕೆ ಬೆರಳು ಎಟುಕುತ್ತಿಲ್ಲ. ನಾವು ತಾಳ್ಮೆಯಿಂದ ಕೇಳುತ್ತಿದ್ದೇವೆ.

ಪ್ರಿಯ ತಂದೆತಾಯಿಗಳೇ, ನಿಮ್ಮ ಮನೆಯ ಮಗನೋ ಮಗಳೋ ನಿಮಗೆ ಹಿಡಿಸದ ಸಂಗೀತದ ಹಿಂದೆ ಬಿದ್ದಿದ್ದರೆ ಅದನ್ನು ಮೆಚ್ಚಲೇಬೇಕೆಂದು ನಾವು ಹೇಳುವುದಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿರಿ. ಆಮೇಲೆ ನಿಮಗನಿಸಿದ್ದನ್ನು ಧಾರಾಳವಾಗಿ ಹೇಳಿರಿ. ನಮ್ಮ ಸೋದರ ಗುರುಗಳಲ್ಲಿಯೂ ಇದೇ ವಿನಂತಿ. ವಾರದ ಆರು ದಿನ ಬೀಗ ಬಿದ್ದಿರುವ ಸಭಾಂಗಣಗಳು ನಮ್ಮಲ್ಲಿ ಬಹಳ ಇವೆ. ಕೀಲಿಕೈ ನಮ್ಮ ಜೇಬಿನಲ್ಲಿಯೇ ಇದೆ.